ಹಿಂದಿನ ಗೇಟಿನ ಕ್ಯಾಮೆರಾ ಕಂಡದ್ದು

ಕನಕಪುರದ ಕೋರ್ಟಿನಲ್ಲಿ ನಾನು ಕರಿಕೋಟು ತೊಟ್ಟು ಎರಡನೆಯ ವರ್ಷ ನಡೆಯುತ್ತಿತ್ತು. ನನ್ನದು ಎಂದು ಹೇಳಿಕೊಳ್ಳುವ ಕೇಸು ಒಂದೂ ಇರಲಿಲ್ಲ. ಬೆಳಿಗ್ಗೆ ಸೀನಿಯರ್ ಅವರ ಫೈಲುಗಳನ್ನು ಹೊತ್ತು ನಡೆಯುವುದು, ಅವರು ಪಕ್ಕದ ಕೋರ್ಟ್ ಹಾಲಿನಲ್ಲಿ ವಾದ ಮಾಡುತ್ತಿದ್ದರೆ ಈ ಹಾಲಿನಲ್ಲಿ ಎದ್ದುನಿಂತು ವಾಯಿದೆ ಕೇಳುವುದು, ಸಂಜೆ ಆಫೀಸಿನಲ್ಲಿ ಟೈಪು ಮಾಡುವುದು, ಇಷ್ಟೇ ನನ್ನ ವಕೀಲಿಕೆ. ತಿಪ್ಪಸಂದ್ರದ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮಪ್ಪ ಮಾತ್ರ, ಮಗಳು ದಿನಕ್ಕೊಂದು ಕೇಸು ಗೆಲ್ಲುತ್ತಾಳೆಂದು ಹೇಳಿಕೊಂಡು ಓಡಾಡುತ್ತಿದ್ದರು. ಹಬ್ಬಕ್ಕೆ ಊರಿಗೆ ಹೋದಾಗ ಜನ ಕೇಳಿದರೆ ನಾನು ಹೌದೆನ್ನದೆ ಅಲ್ಲವೆನ್ನದೆ ನಗುತ್ತಿದ್ದೆ.

ಹಾರೋಹಳ್ಳಿಯ ಸುತ್ತಮುತ್ತ ಹೊಲಗಳು ಒಂದೊಂದಾಗಿ ಕಾರ್ಖಾನೆಗಳಾಗುತ್ತಿದ್ದ ಕಾಲ ಅದು. ನಮ್ಮ ಕೋರ್ಟಿಗೆ ಬರುವ ದಾವೆಗಳ ಬಣ್ಣವೂ ಬದಲಾಗಿತ್ತು. ಮೊದಲೆಲ್ಲ ಬದು ಒತ್ತಿದ್ದು, ಬಾವಿಯ ಸರದಿ, ಮಾವಿನ ಮರದ ಪಾಲು ಇಂಥವೇ ಹೆಚ್ಚು. ಈಗ ಕಾಂಪೌಂಡು, ಗೇಟು, ಲಾರಿ ತಿರುಗುವ ಜಾಗ.

ಆ ದಿನ ನಾನು ವಕೀಲರ ಮೇಜಿನ ತುದಿಯಲ್ಲಿ ಕೂತು ನಮ್ಮ ಕೇಸು ಕೂಗುವುದನ್ನೇ ಕಾಯುತ್ತಿದ್ದೆ. ನಡೆಯುತ್ತಿದ್ದುದು ಒಂದು ದಾರಿಯ ಕೇಸು. ಹಾರೋಹಳ್ಳಿ ಪಕ್ಕದ ಹಳ್ಳಿಯೊಂದರ ರೈತ ದಂಪತಿ, ಪ್ಲಾಸ್ಟಿಕ್ ಕುರ್ಚಿ ತಯಾರಿಸುವ ಒಂದು ಕಾರ್ಖಾನೆಯ ಮೇಲೆ ದಾವಾ ಹೂಡಿದ್ದರು. ಇವರ ಎರಡು ಎಕರೆ ಹೊಲ ಕಾರ್ಖಾನೆಯ ಹಿಂದೆ. ಹೊಲಕ್ಕೆ ಹೋಗುವ ದಾರಿ ಕಾರ್ಖಾನೆಯ ಹಿಂದಿನ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಆ ದಾರಿಯನ್ನೂ ಒಳಗೆ ಸೇರಿಸಿಕೊಂಡು ಕಾಂಪೌಂಡು ಕಟ್ಟಲು ಕಾರ್ಖಾನೆಯವರು ಸುಣ್ಣದ ಗೆರೆ ಎಳೆದಿದ್ದರು. ಗ್ರಾಮದ ನಕಾಶೆಯಲ್ಲಿ ಅಂಥದೊಂದು ದಾರಿಯೇ ಇಲ್ಲ. ಜನ ತಲೆತಲಾಂತರದಿಂದ ಓಡಾಡಿ ಓಡಾಡಿ ಆದ ರೂಢಿಯ ದಾರಿ. ಇಂಥ ದಾರಿಗೆ ಹಕ್ಕು ಸಿಗಬೇಕಾದರೆ ಇಪ್ಪತ್ತು ವರ್ಷ ಓಡಾಡಿದ್ದರೆ ಸಾಲದು. ಆ ಓಡಾಟ ದಾವಾ ಹಾಕುವುದಕ್ಕೆ ಎರಡು ವರ್ಷ ಮೊದಲೇ ನಿಂತುಹೋಗಿಯೂ ಇರಬಾರದು ಎನ್ನುತ್ತದೆ ಕಾನೂನು. ಕಾರ್ಖಾನೆಯವರು ಹಿಡಿದುಕೊಂಡದ್ದು ಆ ಎಳೆಯನ್ನೇ. ಹಿಂದೆ ಯಾವಾಗಲೋ ಓಡಾಡಿರಬಹುದು, ಕಾರ್ಖಾನೆ ಬಂದ ನಾಲ್ಕು ವರ್ಷದಿಂದ ಅಲ್ಲಿ ಯಾರೂ ಓಡಾಡುವುದಿಲ್ಲ, ಎಲ್ಲರೂ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಾರೆ ಎಂದು ಅವರ ವಾದ.

ಅದಕ್ಕೆ ಅವರು ಕೊಟ್ಟಿದ್ದ ಸಾಕ್ಷಿ ಬೇರೆ ಯಾರೂ ಅಲ್ಲ, ದಾವಾ ಹೂಡಿದ ರೈತನ ಸ್ವಂತ ತಮ್ಮ. ನಾಲ್ಕು ವರ್ಷದ ಹಿಂದೆ ಆತ ಅಣ್ಣನಿಗೆ ಒಂದು ಮಾತೂ ಹೇಳದೆ ತನ್ನ ಪಾಲಿನ ಜಮೀನನ್ನು ಇದೇ ಕಾರ್ಖಾನೆಗೆ ಮಾರಿ, ಅಲ್ಲೇ ಗಿಡ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಅಂದಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಎರಡು ಮನೆಗಳ ನಡುವೆ ಸಾರು, ಸಕ್ಕರೆ, ಬೆಂಕಿಪೊಟ್ಟಣದ ಕೊಡುಕೊಳ್ಳುವಿಕೆಯೂ ಇಲ್ಲ. ತಮ್ಮ ಪ್ರಮಾಣ ಮಾಡಿ ಬರೆದುಕೊಟ್ಟಿದ್ದ: ಆ ದಾರಿಯಲ್ಲಿ ಒಂದು ನರಪಿಳ್ಳೆಯೂ ಓಡಾಡುವುದಿಲ್ಲ, ನಮ್ಮ ಮನೆಯವರಂತೂ ಅತ್ತ ಕಾಲೇ ಇಟ್ಟಿಲ್ಲ.

ವಾದಿಯ ಕಡೆಯೂ ಹಳ್ಳಿಯವರ ನಾಲ್ಕಾರು ಪ್ರಮಾಣಪತ್ರಗಳಿದ್ದವು. ಇವರು ಹೌದು ಎಂದರೆ ಅವರು ಅಲ್ಲ ಎನ್ನುತ್ತಿದ್ದರು. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬರೀ ಪ್ರಮಾಣಪತ್ರ ಓದಿ ನಾನು ಯಾರನ್ನು ನಂಬಲಿ?" ಎಂದರು.

ಆಗ ಹಿಂದಿನ ಬೆಂಚಿನಿಂದ ಹೆಂಗಸೊಬ್ಬಳು ಎದ್ದಳು. ಐವತ್ತರ ಆಸುಪಾಸು, ಎತ್ತರದ ಆಳು, ಹಣೆಗೆ ಕಾಸಿನಗಲ ಕುಂಕುಮ. ವಾದಿಯ ಹೆಂಡತಿ. ದಾವಾ ಇಬ್ಬರ ಹೆಸರಿನಲ್ಲಿದ್ದರೂ ಗಂಡ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಸ್ವಾಮಿ, ನಾನೊಂದ್ ಮಾತು ಏಳ್ಬೋದಾ?"

ಅವಳ ವಕೀಲರು, ಊರಿಗೆಲ್ಲ ಹಿರಿಯರಾದ ಒಬ್ಬ ಅಜ್ಜ, ಕೂತುಕೋ ಎಂದು ಕೈಸನ್ನೆ ಮಾಡಿದರು. ನ್ಯಾಯಾಧೀಶರು ಹೇಳಲಿ ಬಿಡಿ ಎಂದರು.

"ಆ ಗೇಟ್ ಮ್ಯಾಲೆ ಒಂದು ಕಣ್ಣು ಮಡಗವ್ರೆ ಸ್ವಾಮಿ. ಕರ್ರಗೆ, ಇಷ್ಟುದ್ದ. ದಿನಾ ಓಗ್ತಾ ಬತ್ತಾ ನನ್ನೇ ನೋಡ್ತೈತೆ. ಯಾರೂ ಓಡಾಡಕಿಲ್ಲ ಅಂತ ಬರ್ಕೊಟ್ಟವ್ರಲ್ಲ, ಅದನ್ನೇ ಒಂದ್ ಮಾತು ಕೇಳ್ಬುಡಿ. ಅದು ಅವರ್ದೇ. ನಮ್ ಪಕ್ಸ ಯಾಕ್ ಮಾತಾಡ್ತೈತೆ?"

ಹಾಲಿನಲ್ಲಿ ನಗು ಎದ್ದಿತು. ನ್ಯಾಯಾಧೀಶರು ನಗಲಿಲ್ಲ. ಕಾರ್ಖಾನೆಯ ವಕೀಲರತ್ತ ತಿರುಗಿ, "ಕ್ಯಾಮೆರಾ ಇದೆಯೇನ್ರಿ?" ಎಂದು ಕೇಳಿದರು.

ಆ ವಕೀಲರು ಬೆಂಗಳೂರಿನಿಂದ ಬಂದವರು. "ಇದೆ, ಆದರೆ ಅದು ಲಾರಿಗಳನ್ನು ನೋಡುವುದಕ್ಕೆ ಹಾಕಿದ್ದು. ಅದರಿಂದ ಉಪಯೋಗವಿಲ್ಲ, ಮೂರು ವಾರ ಆದ ಮೇಲೆ ಹಳೆಯದು ತಾನಾಗಿಯೇ ಅಳಿಸಿಹೋಗುತ್ತದೆ" ಎಂದುಬಿಟ್ಟರು.

"ಅಂದರೆ ಇವತ್ತಿಗೆ ಮೂರು ವಾರದ್ದು ಇದೆ ಎಂದಾಯಿತು" ಎಂದರು ನ್ಯಾಯಾಧೀಶರು.

ವಾದಿಯ ಆ ಹಿರಿಯ ವಕೀಲರು ಮೊಬೈಲಿನ ಹಸಿರು ಗುಂಡಿ ಯಾವುದು, ಕೆಂಪು ಗುಂಡಿ ಯಾವುದು ಎಂದು ಎದುರಿಗೆ ಸಿಕ್ಕವರನ್ನೆಲ್ಲ ಕೇಳುತ್ತಿದ್ದವರು. ಆದರೆ ಕಾನೂನಿನಲ್ಲಿ ಅವರ ಕಣ್ಣು ಚುರುಕು. ಅಲ್ಲೇ ಬಿಳಿ ಹಾಳೆ ಎಳೆದುಕೊಂಡು ಕೈಬರಹದಲ್ಲೇ ಅರ್ಜಿ ಬರೆದರು: ದಿನ ಕಳೆದಂತೆ ಒಂದೊಂದು ದಿನದ ಚಿತ್ರ ಅಳಿಸಿಹೋಗುತ್ತಿದೆ, ಕೋರ್ಟಿನ ಪರವಾಗಿ ಹೋಗಿ ನೋಡಿ ಬರಲು ಒಬ್ಬ ಕಮಿಷನರನ್ನು ಕಳಿಸಿ ಇರುವುದನ್ನು ನಕಲು ಮಾಡಿಸಬೇಕು. ಊಟದ ವಿರಾಮ ಮುಗಿಯುವಷ್ಟರಲ್ಲಿ ಎದುರು ಪಕ್ಷದ ತಕರಾರೂ ಮುಗಿಯಿತು. ಯಾರನ್ನು ಕಳಿಸುವುದು ಎಂಬ ಮಾತು ಬಂದಾಗ ಇಬ್ಬರೂ ವಕೀಲರು ಒಬ್ಬರು ಹೇಳಿದ ಹೆಸರನ್ನು ಇನ್ನೊಬ್ಬರು ಬೇಡವೆಂದರು. ಕೊನೆಗೆ ನ್ಯಾಯಾಧೀಶರ ಕಣ್ಣು ಮೇಜಿನ ತುದಿಯಲ್ಲಿದ್ದ ನನ್ನ ಮೇಲೆ ಬಿತ್ತು. "ಇವರಾಗಬಹುದಾ?" ನನ್ನ ಬಗ್ಗೆ ಇಬ್ಬರಿಗೂ ಏನೂ ಗೊತ್ತಿರಲಿಲ್ಲವಾದ್ದರಿಂದ ಇಬ್ಬರಿಗೂ ತಕರಾರಿರಲಿಲ್ಲ. ನನ್ನ ಮೊದಲ ಸ್ವಂತ ಕೆಲಸ ನನಗೆ ಸಿಕ್ಕಿದ್ದು ಹಾಗೆ. ಖುಷಿಗೆ ಎದ್ದುನಿಂತವಳು ಕುರ್ಚಿಯನ್ನೇ ಬೀಳಿಸಿದೆ.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಹಾರೋಹಳ್ಳಿಯಲ್ಲಿ ಇಳಿದೆ. ಕಾರ್ಖಾನೆಗೆ ಹೋದರೆ ಮ್ಯಾನೇಜರು ನನ್ನನ್ನು ಕೂರಿಸಿ, ಹೆಡ್ ಆಫೀಸನ್ನು ಕೇಳಬೇಕಲ್ಲ ಮೇಡಂ ಎಂದು ಫೋನು ಮಾಡುತ್ತಲೇ ಇದ್ದರು. ನಾನು ಕೋರ್ಟಿನ ಆದೇಶವನ್ನು ಮೂರು ಸಲ ಬಿಚ್ಚಿ ಮೂರು ಸಲ ಮಡಿಸಿದೆ. ಕಡೆಗೆ ಕಾವಲು ಕೋಣೆಯ ಮುಖ್ಯಸ್ಥರು ಬಂದು ಮ್ಯಾನೇಜರಿಗೆ, "ಮೆಷಿನ್ ನನ್ನ ಸುಪರ್ದಿಯಲ್ಲಿದೆ ಸರ್. ಕೋರ್ಟ್ ಹೇಳಿದ ಮೇಲೆ ತೋರಿಸಬೇಕು" ಎಂದು ನನ್ನನ್ನು ಕರೆದುಕೊಂಡು ಹೋದರು. ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಮೀಸೆಯ ತುದಿಯಿಂದ ಬೂಟಿನ ತುದಿಯವರೆಗೆ ಒಂದು ಸುಕ್ಕೂ ಇರಲಿಲ್ಲ.

ಕಾವಲು ಕೋಣೆಯ ಬೀರುವಿನೊಳಗೆ ಆ ರೆಕಾರ್ಡರ್ ಇತ್ತು. ಹಳೆಯ ಟೇಪ್‌ರೆಕಾರ್ಡರಿನಷ್ಟು ಗಾತ್ರದ ಕರಿ ಪೆಟ್ಟಿಗೆ. ಆಯುಧಪೂಜೆಯಲ್ಲಿ ಇಟ್ಟಿದ್ದ ಕುಂಕುಮದ ಬೊಟ್ಟು ಇನ್ನೂ ಅದರ ನೆತ್ತಿಯ ಮೇಲಿತ್ತು. ಪಕ್ಕದಲ್ಲಿ ಪುಟ್ಟ ಟಿವಿ. ಎರಡೂ ಕಡೆಯ ವಕೀಲರು ಬಂದು ನೋಡಿ, ನಾನು ಬರೆದ ಮೊದಲ ಹಾಳೆಗೆ ಸಹಿ ಹಾಕಿ, ಸೆಕೆ ತಡೆಯಲಾರದೆ ಹೊರಟುಹೋದರು. ಸೀನಿಯರ್ ನನಗೆ ಒಂದು ಮಾತು ಹೇಳಿ ಕಳಿಸಿದ್ದರು, ಮೊದಲು ಗಡಿಯಾರ ನೋಡು ಅಂತ. ನೋಡಿದರೆ ಪೆಟ್ಟಿಗೆಯ ಗಡಿಯಾರ ಹನ್ನೆರಡು ನಿಮಿಷ ಮುಂದಿತ್ತು. ಅದನ್ನು ಬರೆದುಕೊಂಡೆ. ಪೆಟ್ಟಿಗೆಯ ಹಿಂದಿನ ನಂಬರು, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಇದೆ ಎಂಬುದು, ಯಾರ ಯಾರ ಕೈಯಲ್ಲಿ ಬೀರುವಿನ ಬೀಗದ ಕೈ ಇರುತ್ತದೆ ಎಂಬುದು, ಎಲ್ಲವನ್ನೂ ಬರೆದೆ. ಮೂರು ವಾರ ಎಂದಿದ್ದರೂ ಹತ್ತೊಂಬತ್ತು ದಿನಗಳದ್ದು ಉಳಿದಿತ್ತು.

ನಕಲಾಗುವುದು ಇರುವೆ ಬೆಲ್ಲ ಸಾಗಿಸಿದಷ್ಟು ನಿಧಾನ. ಒಂದು ಕಡೆ ಅದು ನಡೆಯುತ್ತಿರಲಿ, ಇನ್ನೊಂದು ಕಡೆ ಆಗಲೇ ನಕಲಾದದ್ದನ್ನು ಕಂಪ್ಯೂಟರಿನಲ್ಲಿ ನೋಡುತ್ತ ಟಿಪ್ಪಣಿ ಮಾಡಿಕೊಳ್ಳೋಣ ಎಂದು ಕೂತೆ. ಶಬ್ದವಿಲ್ಲ, ಬಣ್ಣ ಮಾಸಲು. ಗೇಟಿನ ಕಂಬ, ಮುಂದೆ ಮಣ್ಣಿನ ದಾರಿ, ಆಚೆ ಒಂದು ಚಪ್ಪಡಿ ಮೋರಿ, ಅದರಾಚೆ ಹೊಲ. ಏನೂ ಇಲ್ಲ ಎಂದುಕೊಳ್ಳುತ್ತಿದ್ದಂತೆ ಹವಾಲ್ದಾರರು ತಮ್ಮ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.

"ಈಗ ಬರ್ತಾನೆ ನೋಡಿ, ಜಮೀನ್ದಾರ."

ಪರದೆಯ ಗಡಿಯಾರದಲ್ಲಿ ಬೆಳಗಿನ ಒಂಬತ್ತು ದಾಟಿತ್ತು. ಎಡಗಡೆಯಿಂದ ಒಂದು ಎಮ್ಮೆ ಬಂತು. ನೆಟ್ಟಗೆ ಗೇಟಿನ ಹತ್ತಿರ ಹೋಗಿ ಕಾರ್ಖಾನೆಯ ಕಂಬಕ್ಕೆ ಮೈ ತಿಕ್ಕಿತು. ಎಡ ಮಗ್ಗುಲು ಮುಗಿಸಿ ತಿರುಗಿ ಬಲ ಮಗ್ಗುಲು ತಿಕ್ಕಿ, ಕ್ಯಾಮೆರಾದ ಕಡೆಗೊಮ್ಮೆ ಮುಖವೆತ್ತಿ, ಮುಂದೆ ಹೋಯಿತು. ಹಿಂದೆಯೇ ಹಗ್ಗ ಹೆಗಲ ಮೇಲೆ ಹಾಕಿಕೊಂಡು ಬಂದವನು ಎಮ್ಮೆಯ ಒಡೆಯ, ಅಂದರೆ ದಾವಾ ಹೂಡಿದ ಆ ಮಾತಿಲ್ಲದ ಅಣ್ಣ. ದಿನವೂ ಹಾಗೇ. ಒಂದು ದಿನವೂ ಎಮ್ಮೆ ಕಂಬವನ್ನು ಬಿಟ್ಟದ್ದಿಲ್ಲ. ಶಾಲೆಗೆ ಹೋಗುವ ಹುಡುಗಿಯರ ಸೈಕಲ್ಲುಗಳು ಬಂದವು. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಮುದುಕ ಬಂದ. ಒಂದು ದಿನ ಗಾಡಿಯಲ್ಲಿ ಗೊಬ್ಬರ ಹೋಯಿತು. ಹವಾಲ್ದಾರರು ಪ್ರತಿಯೊಬ್ಬರಿಗೂ ಹೆಸರಿಟ್ಟಿದ್ದರು, ಯಾರು ಯಾವತ್ತು ತಡವಾದರು ಎಂಬುದೂ ಅವರಿಗೆ ಬಾಯಿಪಾಠ. ನರಪಿಳ್ಳೆಯೂ ಓಡಾಡದ ದಾರಿಯಲ್ಲಿ ಒಂದು ಊರೇ ಓಡಾಡುತ್ತಿತ್ತು. ನಾನು ಬರೆದುಕೊಳ್ಳುವುದನ್ನೂ ಮರೆತು ನೋಡಿದೆ.

"ಇನ್ನು ನಮ್ಮ ಅಕ್ಕ ತಂಗಿಯರು. ಗಡಿಯಾರದಲ್ಲಿ ಆರು ಐವತ್ತೆರಡು. ನಿಜವಾದ ಹೊತ್ತು ಆರು ನಲವತ್ತು" ಎಂದರು ಹವಾಲ್ದಾರರು, ಚಿತ್ರವನ್ನು ಮುಂಜಾನೆಯ ಹೊತ್ತಿಗೆ ಹಿಂದಕ್ಕೆ ಓಡಿಸುತ್ತ. ಅವರ ಮುಖ ಅರಳಿತ್ತು.

ಬಲಗಡೆಯಿಂದ, ಹೊಲದ ಕಡೆಯಿಂದ, ವಾದಿಯ ಹೆಂಡತಿ ಬಂದಳು. ತಲೆಯ ಮೇಲೆ ಹುಲ್ಲಿನ ಹೊರೆ. ಎಡಗಡೆಯಿಂದ, ಊರ ಕಡೆಯಿಂದ, ಇನ್ನೊಬ್ಬಳು ಬಂದಳು. ಇವಳಿಗಿಂತ ಹತ್ತು ವರ್ಷ ಚಿಕ್ಕವಳು, ಗುಂಡಗೆ, ಬಿರಬಿರನೆ ನಡೆಯುವವಳು. ಮೋರಿಯ ಚಪ್ಪಡಿಯ ಹತ್ತಿರ ದೊಡ್ಡವಳು ಹೊರೆ ಇಳಿಸಿ ಅದನ್ನು ಎರಡು ಮಾಡಿ, ಒಂದನ್ನು ಚಿಕ್ಕವಳಿಗೆ ಕೊಟ್ಟಳು. ಆಮೇಲೆ ಇಬ್ಬರೂ ಚಪ್ಪಡಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಚಿಕ್ಕವಳು ಯಾರದೋ ನಡಿಗೆಯನ್ನು ಅಣಕಿಸಿ ತೋರಿಸಿದಳು. ದೊಡ್ಡವಳು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಬ್ದವಿಲ್ಲದ ಆ ನಗು ನನಗೂ ಹತ್ತಿತು. ನಾನೂ ಹವಾಲ್ದಾರರೂ ಆ ಕೋಣೆಯಲ್ಲಿ ಕೂತು ಏನೆಂದು ಗೊತ್ತಿಲ್ಲದೆ ನಕ್ಕೆವು.

"ನನ್ನ ಸರ್ವಿಸಿನಲ್ಲಿ ಎಷ್ಟೋ ಕಡೆ ಕಾವಲು ಕೂತಿದ್ದೀನಿ ಮೇಡಂ. ಬೆಳಿಗ್ಗೆ ಇಂಥದ್ದು ನೋಡೋಕೆ ಸಿಕ್ಕಿದ್ದು ಇಲ್ಲೇ" ಎಂದರು ಅವರು.

"ಚಿಕ್ಕವರು ಯಾರು?" ಎಂದೆ.

"ಗೊತ್ತಿಲ್ವಾ? ನಮ್ಮ ಗಾರ್ಡನ್ ನೋಡಿಕೊಳ್ಳೋನ ಹೆಂಡತಿ. ಅವನು ಆರು ಗಂಟೆಗೇ ಮುಂದಿನ ಗೇಟಲ್ಲಿ ಒಳಗೆ ಬಂದುಬಿಡ್ತಾನೆ."

ನಾನು ಚೀಲಕ್ಕೆ ಕೈ ಹಾಕಿದೆ. ಆತನ ಪ್ರಮಾಣಪತ್ರ ಅದರಲ್ಲೇ ಇತ್ತು: ನಮ್ಮ ಮನೆಯವರಂತೂ ಅತ್ತ ಕಾಲೇ ಇಟ್ಟಿಲ್ಲ. ನಾಲ್ಕು ವರ್ಷದಿಂದ ಗಂಡಂದಿರು ಮಾತು ಬಿಟ್ಟಿದ್ದರೆ, ಈ ವಾರಗಿತ್ತಿಯರು ಗಂಡಂದಿರಿಗೆ ತಿಳಿಯದಂತೆ ದಿನವೂ ಇಲ್ಲಿ ಸೇರುತ್ತಿದ್ದರು. ಹತ್ತೊಂಬತ್ತು ದಿನಗಳಲ್ಲಿ ಹದಿನೇಳು ದಿನ ಇಬ್ಬರೂ ಇದ್ದರು.

ಎರಡನೆಯ ದಿನ ಮಧ್ಯಾಹ್ನಕ್ಕೆ ನಕಲು ಮುಗಿಯಿತು. ಡಿಸ್ಕುಗಳಿಗೆ ಅರಗಿನ ಮುದ್ರೆ ಹಾಕಿದೆ. ಯಂತ್ರದಲ್ಲಿದ್ದುದನ್ನು ಕೋರ್ಟು ಒಪ್ಪಬೇಕಾದರೆ, ಯಂತ್ರವನ್ನು ನೋಡಿಕೊಳ್ಳುವವರು ಇದು ದಿನನಿತ್ಯ ಸರಿಯಾಗಿ ಕೆಲಸ ಮಾಡುತ್ತಿತ್ತು, ಇದರಲ್ಲಿದ್ದುದೇ ಈ ನಕಲಿನಲ್ಲಿದೆ ಎಂದು ಪ್ರಮಾಣಪತ್ರ ಕೊಡಬೇಕು. ಸಾಕ್ಷ್ಯ ಕಾಯ್ದೆಯ ಕಲಮಿನ ಹೆಸರಿನಲ್ಲಿ ಅದನ್ನು ಅರವತ್ತೈದು ಬಿ ಎಂದು ಕರೆಯುತ್ತಿದ್ದೆವು. ನಮ್ಮ ಕೋರ್ಟಿನಲ್ಲಿ ಅಂಥದನ್ನು ನಾನು ಅದುವರೆಗೆ ನೋಡಿರಲಿಲ್ಲ. ಪುಸ್ತಕ ನೋಡಿಕೊಂಡು ಕನ್ನಡದಲ್ಲಿ ಬರೆದೆ. ಹವಾಲ್ದಾರರು ಎರಡು ಸಲ ಓದಿ, ಮ್ಯಾನೇಜರ ಮುಖವನ್ನೊಮ್ಮೆ ನೋಡಿ, "ಇರೋದು ಇದೆ ಸರ್, ಇಲ್ಲ ಅನ್ನೋಕೆ ಬರಲ್ಲ" ಎಂದು ಸಹಿ ಹಾಕಿದರು.

ಬಸ್ಸಿನಲ್ಲಿ ಡಿಸ್ಕಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ಕಿಟಕಿಯಾಚೆ ಏನೂ ಕಾಣಲಿಲ್ಲ. ಆ ಚಿಕ್ಕವಳ ಮನೆಯಲ್ಲಿ ಏನಾದೀತು? ಇದನ್ನು ಹೊಡೆದುಹಾಕುವ ಹಾಗಿಲ್ಲ, ಒಂದು ಚೂರು ಕತ್ತರಿಸುವ ಹಾಗಿಲ್ಲ. ಹೋಗಿ ಅವರಿಗೆ ಎಚ್ಚರಿಕೆ ಹೇಳೋಣವೆಂದರೆ ಕಮಿಷನರಾದವಳು ಕಕ್ಷಿದಾರರ ಜೊತೆ ಗುಟ್ಟಿನ ಮಾತು ಆಡುವಂತಿಲ್ಲ. ಸೀನಿಯರ್ ಅವರ ಮುಂದೆ ಎಲ್ಲ ಹೇಳಿಕೊಂಡೆ.

ಅವರು ಫೈಲಿನಿಂದ ತಲೆಯೆತ್ತದೆ ಕೇಳಿದರು. "ಚಿತ್ರದಲ್ಲಿ ಆಕೆ ಯಾರು ಅಂತ ಬರೆದಿದೆಯೇನಮ್ಮ?"

"ಇಲ್ಲ ಸರ್."

"ಹಾಗಾದ್ರೆ ನೀನೂ ಇಬ್ಬರು ಹೆಂಗಸರು ಅಂತ ಬರಿ. ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತು ಇದ್ದರು, ಅಷ್ಟೇ ನಿನ್ನ ಕೆಲಸ. ಉಳಿದದ್ದು ಅವರ ಸಂಸಾರ."

ಹಾಗೇ ಬರೆದೆ. ವರದಿ ಕೊಟ್ಟೆ. ಎರಡೂ ಕಡೆಯವರಿಗೆ ಡಿಸ್ಕಿನ ಪ್ರತಿ ಹೋಯಿತು.

ಮುಂದಿನ ಸಂಗತಿಯನ್ನು ಆ ಹಿರಿಯ ವಕೀಲರು ನನಗೆ ಆಮೇಲೆ ಹೇಳಿದರು. ಅವರು ವಾದಿಯ ಹೆಂಡತಿಯನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಡಿಸ್ಕು ಹಾಕಿಸಿದರಂತೆ. ಎಮ್ಮೆ ಬಂದಾಗ ಅವಳು ಕೈತಟ್ಟಿ ನಕ್ಕಳಂತೆ. ಚಪ್ಪಡಿಯ ಮೇಲೆ ತಾವಿಬ್ಬರೂ ಕೂತದ್ದು ಕಾಣಿಸುತ್ತಲೇ ಎದ್ದುನಿಂತಳಂತೆ.

"ಬ್ಯಾಡ ಲಾಯರಪ್ಪ. ಈ ಸಾಕ್ಸಿ ಬ್ಯಾಡ. ವಾಪಸ್ ತಗಳಿ."

"ಗೆಲ್ಲೋ ಕೇಸಮ್ಮ ಇದು!"

"ದಾರಿ ಓದ್ರೆ ಓಗ್ಲಿ, ಏರಿ ಮ್ಯಾಲೆ ಸುತ್ಕಂಡ್ ಓಯ್ತೀನಿ. ಅವಳ ಮನೇಲಿ ಬೆಂಕಿ ಬೀಳ್ತೈತೆ. ನಾನೇ ಬಾಯ್ಬುಟ್ಟು ಕಣ್ಣು ಐತೆ ಅಂದೆ, ನನ್ ಬಾಯಿಗಿಷ್ಟು ಮಣ್ಣಾಕ."

ಕೋರ್ಟಿನ ಕೈಗೆ ಹೋದದ್ದನ್ನು ವಾಪಸ್ ತರಲಾಗದು ಎಂದು ಅವರು ತಿಳಿಸಿ ಹೇಳಿದರಂತೆ. ಅವಳು ಮರುದಿನ ಬೆಳಿಗ್ಗೆ ಅದೇ ಚಪ್ಪಡಿಯ ಮೇಲೆ ಚಿಕ್ಕವಳಿಗೆ ಎಲ್ಲ ಹೇಳಿ ಅತ್ತಳಂತೆ. ಚಿಕ್ಕವಳು ಎಲೆಗೆ ಸುಣ್ಣ ಸವರುತ್ತಾ, "ಬುಡಕ್ಕೋ. ಎಷ್ಟ್ ದಿನ ಅಂತ ಕದ್ದು ನಗಾದು? ನಾನೂ ಕೋರ್ಟಿಗೆ ಬತ್ತೀನಿ" ಎಂದಳಂತೆ.

ಆ ದಿನ ನ್ಯಾಯಾಲಯದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋರ್ಟಿನಲ್ಲಿ ಸಿನಿಮಾ ಹಾಕುತ್ತಾರಂತೆ ಎಂದು ಸುದ್ದಿಯಾಗಿ, ಬೇರೆ ಕೇಸಿನವರೂ ಬಂದು ಗೋಡೆಗೊರಗಿದ್ದರು. ಬೆಂಚ್ ಕ್ಲರ್ಕಿನ ಕಂಪ್ಯೂಟರನ್ನು ತಿರುಗಿಸಿ ಎತ್ತರದ ಸ್ಟೂಲಿನ ಮೇಲಿಟ್ಟಿದ್ದರು. ನಾನು ಮುದ್ರೆ ತೋರಿಸಿ, ಒಡೆದು, ಡಿಸ್ಕು ಹಾಕಿದೆ. ಪರದೆ ಕಪ್ಪಗೇ ಉಳಿಯಿತು. ಮತ್ತೊಮ್ಮೆ ಹಾಕಿದೆ. ಕಪ್ಪೇ. ಕಾರ್ಖಾನೆಯ ವಕೀಲರು ಗಂಟಲು ಸರಿಮಾಡಿಕೊಂಡು ಏಳುವಷ್ಟರಲ್ಲಿ ಹಿಂದಿನಿಂದ, ಪ್ರಮಾಣಪತ್ರ ಕೊಟ್ಟವರೆಂದು ಕೋರ್ಟು ಕರೆಸಿದ್ದ ಹವಾಲ್ದಾರರ ದನಿ ಕೇಳಿತು. "ಸ್ವಾಮಿ, ಆ ಮೆಷಿನಿನ ಚಿತ್ರ ಬೇರೆ ಪ್ಲೇಯರಿನಲ್ಲಿ ಓಡೋದಿಲ್ಲ. ಅದರ ಪ್ಲೇಯರು ಡಿಸ್ಕಿನ ಒಳಗೇ ಇದೆ, ಮೊದಲು ಅದನ್ನು ತೆರೀಬೇಕು." ನ್ಯಾಯಾಧೀಶರು ಕರೆದರು. ಅವರು ಬಂದು ಎರಡು ಗುಂಡಿ ಒತ್ತಿದರು. ಮಣ್ಣಿನ ದಾರಿ ಕಾಣಿಸಿತು. ವರದಿಯಲ್ಲಿ ಗುರುತಿಸಿದ್ದ ಭಾಗಗಳನ್ನು ನಾನು ಒಂದೊಂದಾಗಿ ಓಡಿಸಿದೆ.

ಎಮ್ಮೆ ಬಂದು ಕಂಬಕ್ಕೆ ಮೈ ತಿಕ್ಕಿತು. ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರೂ ಈ ಸಲ ನಕ್ಕರು. ಎರಡನೆಯ ದಿನವೂ ಎಮ್ಮೆ ಅದೇ ಹೊತ್ತಿಗೆ ಅದೇ ಕಂಬಕ್ಕೆ ಬಂದಾಗ, "ಇದು ದಾವೆಯಲ್ಲಿ ಪಾರ್ಟಿ ಆಗಬೇಕಿತ್ತು" ಎಂದರು. ನಾನು ಮಾತ್ರ ಮುಂದೆ ಬರುವುದನ್ನು ನೆನೆದು ಬೆಂಚುಗಳ ಕಡೆಗೇ ನೋಡುತ್ತಿದ್ದೆ. ಅಣ್ಣ ಒಂದು ಕಡೆಯ ಬೆಂಚಿನಲ್ಲಿ, ತಮ್ಮ ಕಾರ್ಖಾನೆಯವರ ಪಕ್ಕದಲ್ಲಿ, ಇಬ್ಬರೂ ಒಬ್ಬರನ್ನೊಬ್ಬರು ನೋಡದಂತೆ ಕೂತಿದ್ದರು.

ಆರು ಐವತ್ತೆರಡು. ಇಬ್ಬರು ಹೆಂಗಸರು ಬಂದರು. ಹೊರೆ ಎರಡಾಯಿತು. ಎಲೆ ಅಡಿಕೆಯಾಯಿತು. ಚಿಕ್ಕವಳು ಎದ್ದು ಅಣಕಿಸಿ ನಡೆದು ತೋರಿಸಿದಳು. ಆಗ ನನಗೆ ಹೊಳೆಯಿತು, ಅವಳು ಅಣಕಿಸುತ್ತಿದ್ದುದು ತನ್ನ ಗಂಡನನ್ನೇ. ಕೈ ಹಿಂದಕ್ಕೆ ಕಟ್ಟಿ, ಹೊಟ್ಟೆ ಮುಂದೆ ಮಾಡಿ, ಗಿಡಗಳನ್ನು ಗದರಿಸುವ ನಡಿಗೆ. ಆತ ಬೆಳಿಗ್ಗೆ ಹಾಲಿನೊಳಗೆ ಬಂದದ್ದೂ ಹಾಗೇ. ಅದು ಎಲ್ಲರಿಗೂ ಹೊಳೆದಿರಬೇಕು. ನಗು ತಟ್ಟನೆ ಎದ್ದು ತಟ್ಟನೆ ನಿಂತಿತು. ಎಲ್ಲರ ಕಣ್ಣೂ ತಮ್ಮನ ಮೇಲೆ.

ನ್ಯಾಯಾಧೀಶರು ಚಿತ್ರ ನಿಲ್ಲಿಸಲು ಹೇಳಿ ಕೇಳಿದರು. "ಈ ಹೆಂಗಸು ಯಾರು, ಗೊತ್ತೇನಪ್ಪ?"

ತಮ್ಮ ನಿಧಾನವಾಗಿ ಎದ್ದ. "ನನ್ ಎಂಡ್ರು ಸ್ವಾಮಿ."

"ನಿಮ್ಮ ಮನೆಯವರು ಅತ್ತ ಕಾಲಿಟ್ಟಿಲ್ಲ ಅಂತ ಪ್ರಮಾಣ ಮಾಡಿದ್ದೀರಿ?"

"ಗೊತ್ತಿರ್ನಿಲ್ಲ ಸ್ವಾಮಿ. ಕೆರೆ ಅಂಗಳದಲ್ಲಿ ಉಲ್ಲು ಕುಯ್ಕಂಡ್ ಬತ್ತೀನಿ ಅಂತಿದ್ಲು."

ಹಿಂದಿನಿಂದ ಚಿಕ್ಕವಳ ದನಿ ಗಟ್ಟಿಯಾಗಿ ಬಂತು. "ನಾಕ್ ವರ್ಸದಿಂದ ಅಕ್ಕನ ಒಲದ ಉಲ್ಲೇ ತಿಂತಾವ್ಳೆ ನಿನ್ ಅಸ. ಆ ಆಲೇ ನೀನ್ ಕುಡೀತಿರಾದು."

ಯಾರೋ ನಕ್ಕರು. ತಮ್ಮ ತಿರುಗಿ ಹೆಂಡತಿಯನ್ನು ನೋಡಲಿಲ್ಲ. ನಿಂತುಹೋಗಿದ್ದ ಪರದೆಯನ್ನೇ ನೋಡುತ್ತಿದ್ದ. ಅದರಲ್ಲಿ ಅವಳು ಬಾಯಿ ತೆರೆದು, ಕಣ್ಣು ಮುಚ್ಚಿ, ಅತ್ತಿಗೆಯ ಹೆಗಲಿಗೆ ಕೈ ಹಾಕಿ ನಗುತ್ತಿದ್ದಳು.

"ಸ್ವಾಮಿ," ಎಂದ ಅವನು, "ಇವ್ಳು ಮನೇಲಿ ಇಂಗೆ ನಕ್ಕಿದ್ ನೋಡಿ ನಾಕ್ ವರ್ಸ ಆಯ್ತು. ನಾನ್ ಬರ್ಕೊಟ್ಟಿದ್ದು ತಪ್ಪು. ದಾರೀಲಿ ಓಡಾಡ್ತಾರೆ."

ಅಷ್ಟರಲ್ಲಿ ಬೆಂಚಿನ ಮೇಲಿದ್ದ ಅಣ್ಣ ಎದ್ದ. ಆ ಮನುಷ್ಯ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆವಾಗಲೇ. "ತಪ್ಪು ಬರ್ಕೊಟ್ಟ ಅಂತ ಅವನ್ನ ಏನೂ ಮಾಡ್ಬ್ಯಾಡಿ ಸ್ವಾಮಿ. ಅವನ್ಗೆ ಗೊತ್ತಿರ್ನಿಲ್ಲ. ನನ್ಗೂ ಗೊತ್ತಿರ್ನಿಲ್ಲ."

ನ್ಯಾಯಾಧೀಶರು ಆತನನ್ನು ಏನೂ ಮಾಡಲಿಲ್ಲ. ತಿಳಿಯದೆ ಬರೆದುಕೊಟ್ಟದ್ದನ್ನು ಕೋರ್ಟಿನ ಮುಂದೆಯೇ ಸರಿಪಡಿಸಿದ್ದಾನೆ ಎಂದು ಬರೆಸಿದರು. ಆ ದಿನವೇ ಕಾಂಪೌಂಡು ಕಟ್ಟದಂತೆ ತಡೆಯಾಜ್ಞೆಯಾಯಿತು. ನಾನು ಮೆಟ್ಟಿಲಿಳಿದು ಬರುವಾಗ ಆವರಣದ ಹೊಂಗೆ ಮರದ ಕೆಳಗೆ ಅಣ್ಣ ನಿಂತಿದ್ದ, ಹತ್ತು ಮಾರು ದೂರದಲ್ಲಿ ತಮ್ಮ. ಇಬ್ಬರೂ ನೆಲ ನೋಡುತ್ತಿದ್ದರು. ಅಣ್ಣನೇ ಮೊದಲು ಬಾಯಿಬಿಟ್ಟ.

"ಏನ್ಲಾ, ನಿನ್ ನಡಿಗೆ ಅಂಗೇ ಐತಲ್ಲೋ."

ತಮ್ಮ ನಗಲೋ ಅಳಲೋ ಎಂಬಂತೆ ಮುಖ ಮಾಡಿದ. "ನೀನ್ಯಾಕ್ ನೋಡ್ದೆ?"

"ಎಲ್ರೂ ನೋಡುದ್ರು ಕಣ್ಲಾ. ಬಾ, ಒಸಿ ಕಾಪಿ ಕುಡಿಯವ."

ಅವರಿಬ್ಬರೂ ಹೋಟೆಲಿನ ಕಡೆ ಹೋದರು. ವಾರಗಿತ್ತಿಯರು ಹಿಂದಿನಿಂದ ನೋಡುತ್ತ ನಿಂತಿದ್ದವರು, ನಾನು ಹತ್ತಿರ ಬಂದಾಗ ಒಟ್ಟಿಗೆ ನನ್ನ ಎರಡು ಕೈಗಳನ್ನು ಹಿಡಿದುಕೊಂಡರು. ಗುಟ್ಟಿನ ಮಾತು ಆಡಬಾರದೆಂದಷ್ಟೇ ನಿಯಮ, ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಕೇಸು ಮುಂದೆ ಹೆಚ್ಚು ದಿನ ನಡೆಯಲಿಲ್ಲ. ಕಾರ್ಖಾನೆಯವರೇ ರಾಜಿಗೆ ಬಂದರು. ಗಾಡಿ ಹೋಗುವಷ್ಟು ಅಗಲದ ದಾರಿ ಬಿಟ್ಟು, ಕಾಂಪೌಂಡನ್ನು ಒಳಕ್ಕೆ ಸರಿಸಿ ಕಟ್ಟುವುದೆಂದು ಎರಡೂ ಕಡೆಯವರು ಸಹಿ ಮಾಡಿದರು. ದಾರಿಯ ಎರಡೂ ಬದಿಗೆ ಕಲ್ಲು ನೆಡಿಸಿ ಬರುವುದಕ್ಕೂ ನನ್ನನ್ನೇ ಕಳಿಸಿದರು. ಈ ಸಲ ನನ್ನ ಹೆಸರನ್ನು ಇಬ್ಬರೂ ವಕೀಲರು ತಾವೇ ಹೇಳಿದ್ದರು.

ತಾಲ್ಲೂಕು ಕಚೇರಿಯ ಸರ್ವೇಯರ್ ಸರಪಳಿ ಎಳೆದರು. ಅಣ್ಣ ಗುಂಡಿ ತೋಡಿದ, ತಮ್ಮ ಕಲ್ಲು ಹೊತ್ತು ತಂದ. ಒಂದೊಂದು ಕಲ್ಲಿಗೂ ಇಬ್ಬರಿಗೂ ಜಗಳವೇ. ನೆಟ್ಟಗೆ ಹಿಡಿಯೋ ಎಂದು ಅವನು, ನೀನು ಮಣ್ಣು ಸರಿಯಾಗಿ ತುಂಬು ಎಂದು ಇವನು. ಕಾಂಪೌಂಡು ಒಳಗೆ ಸರಿಯಬೇಕಾದ್ದರಿಂದ ಗೇಟಿನ ಆ ಹಳೆಯ ಕಂಬವನ್ನು ಕೀಳಬೇಕಾಗಿತ್ತು. ಎಮ್ಮೆ ಏನು ಮಾಡೀತು ಎಂದು ಸರ್ವೇಯರ್ ತಮಾಷೆ ಮಾಡಿದರೆ, ಅಣ್ಣ ಗಂಭೀರವಾಗಿ, ಹೊಲದ ತಲೆಗೆ ಅದಕ್ಕೇ ಒಂದು ಕಲ್ಲು ನೆಟ್ಟಿದ್ದೀನಿ ಎಂದು ತೋರಿಸಿದ.

ಕೆಲಸ ಮುಗಿದಾಗ ಹೊತ್ತು ಇಳಿದಿತ್ತು. ಹೊಲದ ಬದುವಿನ ಮೇಲೆ, ರೇಷ್ಮೆಗೆ ಸೊಪ್ಪು ಕೊಯ್ಯದೆ ಬಿಟ್ಟಿದ್ದ ಎರಡು ಹಳೆಯ ಹಿಪ್ಪುನೇರಳೆ ಮರಗಳಲ್ಲಿ ಹಣ್ಣುಗಳು ಕರ್ರಗೆ ತೂಗುತ್ತಿದ್ದವು. ಇನ್ನು ಕೇಸು ಮುಗಿಯಿತಲ್ಲ, ಈಗ ತಿನ್ನಬಹುದು ಎಂದು ವಾರಗಿತ್ತಿಯರು ಹಟ ಹಿಡಿದರು. ಚಿಕ್ಕವಳು ಸೀರೆ ಎತ್ತಿಕಟ್ಟಿ ಮರ ಹತ್ತಿದಳು. "ಬಿದ್ದೀಯ ಕಣೇ" ಎಂದು ಕೂಗುತ್ತ ದೊಡ್ಡವಳು ಕೆಳಗೆ ಸೆರಗು ಹಿಡಿದಳು. ನಾವು ಮೂವರೂ ಬದುವಿನ ಮೇಲೆ ಕೂತು ತಿಂದೆವು. ಎಷ್ಟು ತಿಂದೆವೋ ಲೆಕ್ಕವಿಲ್ಲ. ನನ್ನ ಬಿಳಿ ಕಾಲರು, ಬಿಳಿ ರವಿಕೆ, ಹತ್ತು ಬೆರಳು, ತುಟಿ, ಎಲ್ಲ ನೇರಳೆ ಬಣ್ಣವಾದವು. ಮಿಕ್ಕ ಹಣ್ಣನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟರು.

ಕನಕಪುರದ ಬಸ್ಸು ಹತ್ತಿದಾಗ ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಲಾಯರಮ್ಮ, ಇಂಕ್ ಬಾಟ್ಲಿ ಒಡೀತಾ?" ಎಂದ. ನಾನು ಎಲೆಯ ಪೊಟ್ಟಣವನ್ನು ಬಿಚ್ಚಿ ಅವನ ಮುಂದೆ ಹಿಡಿದೆ. ಅವನು ಎರಡು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಪಕ್ಕದ ಸೀಟಿನ ಅಜ್ಜಿ ಕೈ ಚಾಚಿದಳು. ಕಗ್ಗಲೀಪುರದ ಕಡೆಯಿಂದ ಶಿಫ್ಟು ಮುಗಿಸಿ ಬರುತ್ತಿದ್ದ ಹುಡುಗಿಯರು ಹಿಂದಿನ ಸೀಟಿನಿಂದ ಬಗ್ಗಿದರು. ಪೊಟ್ಟಣ ಸೀಟಿನಿಂದ ಸೀಟಿಗೆ ಹೋಗಿ, ಬಸ್ಸು ಊರು ಮುಟ್ಟುವ ಮೊದಲೇ ಬರೀ ಎಲೆಯಾಗಿ ನನ್ನ ಕೈಗೆ ವಾಪಸ್ ಬಂತು.